ಒಂದೊಂದೇ ಲೀಟರ್ ಮೀಡ್: ಸಣ್ಣ ಪ್ರಯೋಗಕ್ಕೆ ಬೇಕಾದ ಸಾಮಾನು, ಮಾಡುವ ಬಗೆ

ಜೇನುತುಪ್ಪ, ನೀರು, ಯೀಸ್ಟ್. ಮೀಡ್ ಅನ್ನುವ ಜೇನಿನ ಮದ್ಯ ಅಂದರೆ ಇಷ್ಟೇ. ಆ ಹೆಸರಿಗೂ ನಮ್ಮ ‘ಮಧು’ವಿಗೂ ಬೇರು ಒಂದೇ. ಮಾಡುವುದು ಕಷ್ಟವಲ್ಲ, ಕಲಿಯುವುದೇ ನಿಧಾನ. ಇವತ್ತು ಇಟ್ಟದ್ದು ಹದಕ್ಕೆ ಬರಲು ಎಷ್ಟೋ ತಿಂಗಳು ಬೇಕು. 20 ಲೀಟರ್ ಮಾಡಿಟ್ಟು, ವರ್ಷ ಕಾದು, ಮೊದಲ ಗುಟುಕಿಗೇ ‘ಅಯ್ಯೋ, ಲವಂಗ ಜಾಸ್ತಿ ಆಯ್ತು’ ಅಂದರೆ ಹೇಗಿರುತ್ತದೆ ಹೇಳಿ. ಆರು ಕಿಲೋ ಜೇನು ಹೋಯಿತು, ವರ್ಷವೂ ಹೋಯಿತು.

ಅದಕ್ಕೇ ನಾನು ಒಂದು ಲೀಟರ್‌ಗೆ ಇಳಿದೆ. ಒಂದೇ ಜೇನುನೀರು ಕಲಸಿ, ನಾಲ್ಕು ಬಾಟಲಿಗೆ ಹಂಚಿ, ಪ್ರತಿಯೊಂದರಲ್ಲೂ ಒಂದೇ ಒಂದು ವಿಷಯ ಬದಲಿಸುವುದು. ಆದರೆ ದೊಡ್ಡ ಪ್ರಮಾಣದ ವಿಧಾನವನ್ನು ನಾಲ್ಕರಿಂದಲೋ ಇಪ್ಪತ್ತರಿಂದಲೋ ಭಾಗಿಸಿಬಿಟ್ಟರೆ ಸಣ್ಣ ವಿಧಾನ ಆಗುವುದಿಲ್ಲ. ಚಮಚದ ಅಳತೆ ಇಲ್ಲಿ ಕೈಕೊಡುತ್ತದೆ. ದ್ರವದ ಸಾಂದ್ರತೆ ಅಳೆಯುವ ತೇಲುಕಡ್ಡಿ, ಅಂದರೆ ಹೈಡ್ರೋಮೀಟರ್‌ಗೆ ಒಮ್ಮೆ ಸುರಿದರೆ ಹತ್ತನೇ ಒಂದು ಭಾಗ ಖಾಲಿ. ಗಾಳಿ ಬೇಗ ಕೆಡಿಸುತ್ತದೆ. ಇದಕ್ಕೆಲ್ಲ ನಾನು ಕಂಡುಕೊಂಡ ಉತ್ತರ ಒಂದೇ: ತಕ್ಕಡಿ.

ಶುರು ಮಾಡುವ ಮೊದಲು ಒಂದು ಮಾತು. ಮನೆಯಲ್ಲಿ ಮದ್ಯ ಹುದುಗಿಸುವ ಕಾನೂನು ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಕಡೆ ಸ್ವಂತಕ್ಕೆ ಅಡ್ಡಿಯಿಲ್ಲ, ಕೆಲವು ಕಡೆ ಪರವಾನಗಿ ಬೇಕು. ನೀವಿರುವ ಕಡೆಯದ್ದನ್ನು ತಿಳಿದುಕೊಂಡು ಕೈಹಾಕಿ. ಭಟ್ಟಿ ಇಳಿಸುವ ತಂಟೆಗಂತೂ ಹೋಗಬೇಡಿ, ಅದರ ಅಪಾಯವೇ ಬೇರೆ.

ಬೇಕಾಗುವ ಸಾಮಾನು

ಮೊದಲು ತಕ್ಕಡಿಗಳು. ಎರಡು ಬೇಕು. ಒಂದು 5 ಕಿಲೋವರೆಗೆ ತೂಗುವ, 1 ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆ ತಕ್ಕಡಿ. ಇನ್ನೊಂದು 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ. ಒಂದು ಲೀಟರ್‌ಗೆ ಒಂದು ಸಲಕ್ಕೆ ಹಾಕುವ ಪೋಷಕಾಂಶ ಕಾಲು ಗ್ರಾಂಗಿಂತ ಕಡಿಮೆ. ಅದನ್ನು ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ನಾಲ್ಕು ಬಾಟಲಿಗೂ ನಾಲ್ಕು ಥರ ಬೀಳುತ್ತದೆ. ಆಮೇಲೆ ರುಚಿಯ ವ್ಯತ್ಯಾಸ ಯೀಸ್ಟಿನದೋ ನಿಮ್ಮ ಬೆರಳಿನದೋ ಅಂತ ಯಾರಿಗೆ ಗೊತ್ತು?

ಹುದುಗಿಸಲು ಒಂದೂವರೆ ಲೀಟರ್ ಹಿಡಿಸುವ ಗಾಜಿನ ಬಾಟಲಿ ನಾಲ್ಕು. ಒಳಗೆ ಒಂದು ಲೀಟರ್ ಮಾತ್ರ ಹಾಕುತ್ತೇವೆ, ಉಳಿದದ್ದು ನೊರೆಗೆ ಜಾಗ. ನಾಲ್ಕೂ ಒಂದೇ ಅಳತೆಯ, ಒಂದೇ ಆಕಾರದ ಬಾಟಲಿಗಳಾಗಿರಲಿ. ಬಾಯಿಗೆ ಕೂರುವ ತೂತಿರುವ ರಬ್ಬರ್ ಬಿರಡೆ, ಅದಕ್ಕೆ ಏರ್‌ಲಾಕ್ (ಒಳಗಿನ ಅನಿಲವನ್ನು ನೀರಿನ ಮೂಲಕ ಹೊರಗೆ ಬಿಟ್ಟು, ಹೊರಗಿನ ಗಾಳಿಯನ್ನು ತಡೆಯುವ ಪುಟ್ಟ ಕೊಳವೆ). ಮುಂದಿನ ಹಂತಕ್ಕೆ 750 ಮಿಲೀ ವೈನ್ ಬಾಟಲಿ ನಾಲ್ಕು. ಯಾಕೆ ಆ ಅಳತೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಕಲಸಲು ಆರು ಲೀಟರಿನ, ಆಹಾರಕ್ಕೆ ಬಳಸುವಂಥ ಹಗುರ ಪ್ಲಾಸ್ಟಿಕ್ ಬಕೆಟ್. ‘ಹಗುರ’ ಅಂದದ್ದು ಸುಮ್ನೆ ಅಲ್ಲ. ನಾಲ್ಕು ಲೀಟರ್ ಜೇನುನೀರೇ 4.35 ಕಿಲೋ ತೂಗುತ್ತದೆ. ಪಾತ್ರೆ ಭಾರವಾದರೆ 5 ಕಿಲೋ ತಕ್ಕಡಿ ಕೈ ಎತ್ತಿಬಿಡುತ್ತದೆ.

ಹೈಡ್ರೋಮೀಟರ್ ಒಂದು, ಅದಕ್ಕೆ ಸಿಗುವಷ್ಟು ಸಪೂರ ಕೊಳವೆ ಒಂದು. ಸೂಜಿ ಇಲ್ಲದ ಸಿರಿಂಜ್‌ಗಳು: 1 ಮಿಲೀ, 5 ಮಿಲೀ, 50 ಮಿಲೀ. ಆರು ಮಿಲಿಮೀಟರ್ ಒಳ ಅಗಲದ ಸಿಲಿಕೋನ್ ಪೈಪ್ ಒಂದು ಮೀಟರ್. ಥರ್ಮಾಮೀಟರ್. ತೊಳೆಯದೆ ಬಿಡಬಹುದಾದ ಸ್ಯಾನಿಟೈಸರ್; ಸ್ಟಾರ್ ಸ್ಯಾನ್ ಆದರೆ ಲೀಟರ್ ನೀರಿಗೆ 1.5 ಮಿಲೀ. ಒಂದು ನೋಟ್‌ಬುಕ್.

ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಶುರುವಿನಲ್ಲಿ ಬಳಸಿ, ಹನಿ ಸಾಕು ಅದಕ್ಕೆ. ಆದರೆ ಮದ್ಯಸಾರ ಹುಟ್ಟಿದ ಮೇಲೆ ಅದರ ಓದು ನೇರವಾಗಿ ಸರಿ ಬರುವುದಿಲ್ಲ.

ಯೀಸ್ಟ್ ವಿಷಯಕ್ಕೆ ಬಂದರೆ, ಲಾಲ್ವಿನ್ 71ಬಿ ಮೊದಲ ಸಲಕ್ಕೆ ಒಳ್ಳೆಯದು. 15ರಿಂದ 30 ಡಿಗ್ರಿವರೆಗೆ ಕೆಲಸ ಮಾಡುತ್ತದೆ, ಸುಮಾರು 14% ಮದ್ಯಸಾರ ತಾಳುತ್ತದೆ. ಡಿ47 ಒಳ್ಳೆಯ ಮೈಕಟ್ಟು ಕೊಡುತ್ತದೆ, ಆದರೆ 20 ಡಿಗ್ರಿ ದಾಟಿದರೆ ಗಂಟಲು ಸುಡುವ ಘಾಟು ಬರುವುದುಂಟು. ಇಸಿ-1118 ಎಲ್ಲಿ ಹಾಕಿದರೂ ಬದುಕುತ್ತದೆ, 18%ವರೆಗೂ ಹೋಗುತ್ತದೆ. ನನಗೆ ಅದು ಜೇನಿನ ಪರಿಮಳವನ್ನೇ ಓಡಿಸಿಬಿಡುತ್ತದೆ ಅನ್ನಿಸಿದೆ. ನಿಮಗೆ ಹಾಗನ್ನಿಸದೇ ಇರಬಹುದು; ಮೊದಲ ಪ್ರಯೋಗ ಅದರ ಮೇಲೇ ಮಾಡಿ ನೋಡಿ.

ಪೋಷಕಾಂಶಕ್ಕೆ ಫರ್ಮೇಡ್ ಓ ಅನ್ನುವ ಪುಡಿ. ಜೇನಿನಲ್ಲಿ ಸಕ್ಕರೆ ಬೇಕಾದಷ್ಟಿದೆ, ಯೀಸ್ಟಿಗೆ ಬೇಕಾದ ಸಾರಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಸಿದ ಯೀಸ್ಟ್ ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ, ಅರ್ಧದಲ್ಲೇ ಕೆಲಸ ನಿಲ್ಲಿಸುತ್ತದೆ. ಹಳೆಯ ಕಾಲದ ಮೀಡ್ ಹದವಾಗಲು ವರ್ಷಗಟ್ಟಲೆ ಹಿಡಿಯುತ್ತಿದ್ದುದಕ್ಕೆ ಈ ಹಸಿವೂ ಒಂದು ಕಾರಣ.

ಏನನ್ನು ಪರೀಕ್ಷಿಸುವುದು?

ಬಾಟಲಿ ತೊಳೆಯುವ ಮುಂಚೆಯೇ ಇದನ್ನು ಬರೆದಿಡಿ. ಒಂದು ಬಾಟಲಿ ಸಾದಾ. ಅದರಲ್ಲಿ ಏನೂ ಆಟ ಆಡುವಂತಿಲ್ಲ. ಉಳಿದ ಮೂರರಲ್ಲಿ ಒಂದೇ ಜಾತಿಯ ಬದಲಾವಣೆ: ಮೂರು ಬೇರೆ ಯೀಸ್ಟ್, ಇಲ್ಲವೇ ಒಂದೇ ಹಣ್ಣಿನ ಮೂರು ಪ್ರಮಾಣ, ಇಲ್ಲವೇ ಪೋಷಕಾಂಶದ ಮೂರು ಲೆಕ್ಕ. ಎರಡು ಸಂಗತಿ ಒಟ್ಟಿಗೆ ಬದಲಿಸಿದರೆ ಬಾಟಲಿ ಚೆನ್ನಾಗಿ ಬರಬಹುದು, ಆದರೆ ಯಾಕೆ ಚೆನ್ನಾಗಿ ಬಂತು ಅಂತ ಗೊತ್ತಾಗುವುದಿಲ್ಲ.

ಬೇರೆ ಬೇರೆ ಜೇನು ಹೋಲಿಸಬೇಕಾದರೆ ಮಾತ್ರ ಒಂದೇ ಬಕೆಟ್ ಸಾಲದು. ಜೇನಿನಲ್ಲಿರುವ ನೀರಿನ ಪಾಲು ಒಂದೊಂದರಲ್ಲಿ ಒಂದೊಂದು ಥರ. ಸಾಮಾನ್ಯವಾಗಿ 18%ರ ಆಸುಪಾಸು ಇರುತ್ತದೆ, ಆದರೂ ತೂಕ ನಂಬಿ ಕೂರಬೇಡಿ. ಪ್ರತಿಯೊಂದನ್ನೂ ಬೇರೆಯಾಗಿ ಕಲಸಿ, ಹೈಡ್ರೋಮೀಟರ್ ಒಂದೇ ಅಂಕೆ ತೋರಿಸುವವರೆಗೆ ನೀರು ಸೇರಿಸಿ.

ಜೇನುನೀರು ಕಲಸುವುದು

ಜೇನು ಮುಟ್ಟುವ ಎಲ್ಲವನ್ನೂ ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಸ್ಯಾನಿಟೈಸರ್‌ನಲ್ಲಿ ಒಂದೆರಡು ನಿಮಿಷ ನೆನೆಸಿ. ಕೊಳಕಿದ್ದ ಕಡೆ ಸ್ಯಾನಿಟೈಸರ್ ಕೆಲಸ ಮಾಡುವುದಿಲ್ಲ.

ಬಕೆಟ್ಟನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. 1200 ಗ್ರಾಂ ಜೇನು ಸುರಿಯಿರಿ. ಅದರ ಮೇಲೆ 3150 ಗ್ರಾಂ ನೀರು. ಒಟ್ಟು 4350 ಗ್ರಾಂ, ಹೆಚ್ಚುಕಮ್ಮಿ ಸರಿಯಾಗಿ ನಾಲ್ಕು ಲೀಟರ್. ಅಳತೆ ಜಗ್ಗು ಬೇಕಿಲ್ಲ, ಅಂಟು ಅಂಟು ಪಾತ್ರೆ ತೊಳೆಯುವ ಕೆಲಸವೂ ಇಲ್ಲ. ನೀರಿನಲ್ಲಿ ಕ್ಲೋರಿನ್ ಇದ್ದರೆ ಮೊದಲೇ ಕುದಿಸಿ ಆರಿಸಿ. ಪೂರಾ ಖನಿಜ ತೆಗೆದ ನೀರು ಬೇಡ.

ಜೇನನ್ನು ಕುದಿಸಬೇಕು, ನೊರೆ ತೆಗೆಯಬೇಕು ಅನ್ನುವ ಹಳೆಯ ಪದ್ಧತಿ ಇದೆ. ನಾನು ಕುದಿಸುವುದಿಲ್ಲ. ಹೂವಿನ ಪರಿಮಳವೆಲ್ಲ ಆವಿಯ ಜೊತೆ ಹೊರಟುಹೋಗುತ್ತದೆ. ಜೇನು ಗಟ್ಟಿಯಾಗಿದ್ದರೆ ಜಾಡಿಯನ್ನು ಬಿಸಿನೀರಿನಲ್ಲಿಟ್ಟು ಸಡಿಲ ಮಾಡಿಕೊಂಡರೆ ಸಾಕು.

ಈಗ ಚೆನ್ನಾಗಿ ಕಲಕಿ. ನೀರು ಮತ್ತು ಜೇನು ಬೆರೆತ ಹಾಗೆ ಕಂಡರೂ ತಳದಲ್ಲಿ ಜೇನಿನ ಪದರ ಕೂತಿರುತ್ತದೆ. ಚಮಚದಲ್ಲಿ ತಳ ಕೆರೆದು ನೋಡಿ. ಐದು ನಿಮಿಷ ರಭಸವಾಗಿ ಕಲಕಿದರೆ ಗಾಳಿಯೂ ಸೇರುತ್ತದೆ. ಶುರುವಿನಲ್ಲಿ ಯೀಸ್ಟಿಗೆ ಆಮ್ಲಜನಕ ಬೇಕು. ಆಮೇಲೆ ಅದೇ ಆಮ್ಲಜನಕ ಮೀಡಿಗೆ ಶತ್ರು.

ಹೈಡ್ರೋಮೀಟರ್ ಹಾಕಿ ನೋಡಿ. ನೀರು 1.000 ಅಂದರೆ ಇದು 1.088ರ ಹತ್ತಿರ ಇರಬೇಕು. ಕೊಳವೆಯನ್ನೂ ಸ್ಯಾನಿಟೈಸ್ ಮಾಡಿದ್ದರೆ ಆ ದ್ರವವನ್ನು ಬಕೆಟ್ಟಿಗೇ ವಾಪಸ್ ಸುರಿಯಬಹುದು. ಪೂರಾ ಹುದುಗಿ 1.000ಕ್ಕೆ ಇಳಿದರೆ ಮದ್ಯಸಾರ ಎಷ್ಟು? ವ್ಯತ್ಯಾಸವನ್ನು 131ರಿಂದ ಗುಣಿಸಿ: 0.088 × 131, ಸುಮಾರು 11.5%.

ಹಂಚುವುದೂ ತಕ್ಕಡಿ ಮೇಲೆಯೇ. ಪ್ರತಿ ಬಾಟಲಿಗೆ ಆಲಿಕೆ ಇಟ್ಟು 1085 ಗ್ರಾಂ ಜೇನುನೀರು ಹಾಕಿ. ಬಾಟಲಿಗಳಿಗೆ ಎ, ಬಿ, ಸಿ, ಡಿ ಅಂತ ಆಗಲೇ ಚೀಟಿ ಅಂಟಿಸಿ. ‘ನೆನಪಿರುತ್ತೆ ಬಿಡು’ ಅಂದುಕೊಂಡು ನಾನು ಒಂದು ಇಡೀ ಪ್ರಯೋಗ ಹಾಳು ಮಾಡಿಕೊಂಡಿದ್ದೇನೆ.

ಯೀಸ್ಟ್ ಹಾಕುವುದು

ಒಂದು ಲೀಟರಿಗೆ ಒಂದು ಗ್ರಾಂ ಒಣ ಯೀಸ್ಟ್ ಧಾರಾಳವಾಯಿತು. ಅದರ ಹತ್ತರಷ್ಟು ನೀರಿನಲ್ಲಿ, 35ರಿಂದ 40 ಡಿಗ್ರಿ ಬಿಸಿ ಇರುವಾಗ, ಹದಿನೈದು ನಿಮಿಷ ನೆನೆಸಿ. ನಂತರ ಜೇನುನೀರನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ಬೆರೆಸಿ ತಣ್ಣಗೆ ಮಾಡಿ. ಎರಡರ ಬಿಸಿಯ ವ್ಯತ್ಯಾಸ 10 ಡಿಗ್ರಿಗಿಂತ ಕಡಿಮೆ ಆದ ಮೇಲೆ ಬಾಟಲಿಗೆ ಸುರಿಯಿರಿ.

ನಾಲ್ಕಕ್ಕೂ ಒಂದೇ ಯೀಸ್ಟ್ ಆದರೆ ನಾಲ್ಕು ಗ್ರಾಂ ಒಟ್ಟಿಗೆ ನೆನೆಸಿ, ಸಿರಿಂಜ್‌ನಲ್ಲಿ ಸಮ ಪಾಲು ಮಾಡಿ. ಪ್ರತಿ ಪಾಲು ಎಳೆಯುವ ಮೊದಲು ಕಲಕಲೇಬೇಕು. ಇಲ್ಲದಿದ್ದರೆ ಮೊದಲ ಬಾಟಲಿಗೆ ನೀರು, ಕೊನೆಯದಕ್ಕೆ ಗಸಿ.

ಏರ್‌ಲಾಕ್ ಹಾಕುವ ಮುಂಚೆ, ಬಿರಡೆ ಇಲ್ಲದೆ, ಬರೀ ಬಾಟಲಿಯನ್ನು ತೂಗಿ ಬರೆದುಕೊಳ್ಳಿ. ಇದೇ ‘ದಿನ 0’. ಮುಂದಿನ ಲೆಕ್ಕವೆಲ್ಲ ನಿಂತಿರುವುದು ಈ ಅಂಕೆಯ ಮೇಲೆ.

ಬಾಟಲಿ ತೂಗಿ ಮದ್ಯಸಾರ ತಿಳಿಯುವುದು

ಸಕ್ಕರೆ ಹುದುಗಿದಾಗ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಹೆಚ್ಚುಕಮ್ಮಿ ಸಮ ತೂಕದಲ್ಲಿ ಹುಟ್ಟುತ್ತವೆ. ಒಂದು ಗ್ರಾಂ ಮದ್ಯಸಾರಕ್ಕೆ 0.96 ಗ್ರಾಂ ಅನಿಲ. ಮದ್ಯಸಾರ ಬಾಟಲಿಯಲ್ಲೇ ಉಳಿಯುತ್ತದೆ, ಅನಿಲ ಏರ್‌ಲಾಕ್‌ನಿಂದ ಹೊರಗೆ ಹೋಗುತ್ತದೆ. ಅಂದರೆ ಬಾಟಲಿ ಎಷ್ಟು ಹಗುರ ಆಯಿತೋ ಅಷ್ಟು ಹುದುಗಿದೆ. ಒಂದು ಹನಿಯನ್ನೂ ಹೊರಗೆ ತೆಗೆಯದೆ ಲೆಕ್ಕ ಸಿಕ್ಕಿತು, ಅಲ್ವಾ?

ಒಂದು ಲೀಟರಿಗೆ ಸೂತ್ರ ಇದು: ಪ್ರತಿ 7.5 ಗ್ರಾಂ ಇಳಿಕೆಗೆ ಸುಮಾರು 1% ಮದ್ಯಸಾರ. ನಮ್ಮ ಜೇನುನೀರು ಪೂರಾ ಹುದುಗಿದರೆ 85 ಗ್ರಾಂನಷ್ಟು ಇಳಿಯಬೇಕು. ನೋಟ್‌ಬುಕ್‌ನ ಕಾಲಂ ಹೀಗೆ ಕಾಣಬಹುದು: ಮೂರನೇ ದಿನ 22 ಗ್ರಾಂ ಇಳಿದಿದೆ, ಏಳನೇ ದಿನ 55, ಹದಿನಾಲ್ಕನೇ ದಿನ 79, ಮೂರು ವಾರಕ್ಕೆ 84, ನಾಲ್ಕು ವಾರಕ್ಕೂ 84. ಪಕ್ಕದ ಬಾಟಲಿ ಹತ್ತನೇ ದಿನವೂ 40ರಲ್ಲೇ ನಿಂತಿದ್ದರೆ ಅಲ್ಲೇನೋ ತೊಂದರೆ ಅಂತ ಕಣ್ಣಿಗೇ ಕಾಣುತ್ತದೆ. ಏರ್‌ಲಾಕ್ ಗುಳ್ಳೆ ಎಣಿಸುತ್ತಾ ಕೂರುವುದರಿಂದ ಇದು ಗೊತ್ತಾಗುವುದಿಲ್ಲ. ಬಿರಡೆ ಸ್ವಲ್ಪ ಸಡಿಲ ಇದ್ದರೂ ಗುಳ್ಳೆ ಬರುವುದಿಲ್ಲ, ಬಿಸಿಲು ಏರಿದರೆ ಸುಮ್ಮಸುಮ್ಮನೆ ಬರುತ್ತದೆ.

ಎರಡು ಎಚ್ಚರಿಕೆ. ಪ್ರತಿ ಸಲವೂ ಏರ್‌ಲಾಕ್ ತೆಗೆದು ತೂಗಿ, ಯಾಕೆಂದರೆ ಅದರ ನೀರು ಆರುತ್ತಿರುತ್ತದೆ. ಏನಾದರೂ ಸೇರಿಸುವುದಿದ್ದರೆ ಸೇರಿಸುವ ಮೊದಲು ಒಮ್ಮೆ, ಸೇರಿಸಿದ ಮೇಲೆ ಒಮ್ಮೆ ತೂಗಿ. ಆ ವ್ಯತ್ಯಾಸ ಲೆಕ್ಕಕ್ಕೆ ಬರಬಾರದು.

ಮೊದಲ ವಾರದ ಆರೈಕೆ

ಒಂದು ಲೀಟರಿಗೆ ಫರ್ಮೇಡ್ ಓ ಒಟ್ಟು 0.9 ಗ್ರಾಂ. ಒಂದೇ ಸಲಕ್ಕೆ ಹಾಕುವಂತಿಲ್ಲ, ನಾಲ್ಕು ಕಂತು. ಮೊದಲ ದಿನವೇ ಕೂತು 0.22 ಗ್ರಾಂನ ಹದಿನಾರು ಪೊಟ್ಟಣ ಕಟ್ಟಿಟ್ಟುಕೊಳ್ಳಿ. ಆಮೇಲೆ ಬೆಳಗಿನ ಅವಸರದಲ್ಲಿ ತಕ್ಕಡಿ ಹುಡುಕಬೇಕಾಗಿಲ್ಲ. 24, 48, 72 ಗಂಟೆಗೆ ಒಂದೊಂದು. ನಾಲ್ಕನೆಯದು ಸಕ್ಕರೆಯ ಮೂರನೇ ಒಂದು ಭಾಗ ಮುಗಿದಾಗ, ಅಂದರೆ ಬಾಟಲಿ 28 ಗ್ರಾಂ ಹಗುರ ಆದಾಗ. ಏಳು ದಿನ ಕಳೆದರೂ ಅಷ್ಟು ಇಳಿಯದಿದ್ದರೆ ಏಳನೇ ದಿನವೇ ಹಾಕಿ.

ಪುಡಿಯನ್ನು ನೇರವಾಗಿ ಬಾಟಲಿಗೆ ಸುರಿಯಬೇಡಿ. ಇದನ್ನು ನಾನು ನೆಲ ಒರೆಸಿ ಕಲಿತದ್ದು. ಎರಡನೇ ದಿನ ಬೆಳಿಗ್ಗೆ ಬಿರಡೆ ತೆಗೆದು ಪೊಟ್ಟಣ ಬಿಡಿಸಿ ಪುಡಿ ಉದುರಿಸಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ‘ಸುರ್’ ಅಂತ ಸದ್ದು. ನೋಡುತ್ತಿದ್ದ ಹಾಗೇ ಬಿಳಿ ನೊರೆ ಕತ್ತು ದಾಟಿ, ನನ್ನ ಕೈ ದಾಟಿ, ಮೇಜಿನ ಅಂಚಿಂದ ಇಳಿಯತೊಡಗಿತು. ಅಂಗೈಯಲ್ಲಿ ಬಾಯಿ ಮುಚ್ಚಿದೆ. ಬೆರಳ ಸಂದಿಯಿಂದ ಚಿಮ್ಮಿತು. ಜೇನುನೀರಿನಲ್ಲಿ ಕರಗಿ ಕೂತ ಅನಿಲಕ್ಕೆ ಪುಡಿಯ ಒಂದೊಂದು ಕಣವೂ ಗುಳ್ಳೆ ಕಟ್ಟುವ ಜಾಗ. ಸೋಡಾಕ್ಕೆ ಉಪ್ಪು ಹಾಕಿದ ಹಾಗೆ. ಒಂದು ಲೀಟರಿನಲ್ಲಿ ಕಾಲು ಭಾಗ ನೆಲದ ಪಾಲಾಯಿತು.

ಆದ್ದರಿಂದ ಕ್ರಮ ಹೀಗಿರಲಿ. ಬಾಟಲಿಯ ಕತ್ತು ಹಿಡಿದು ಮೆಲ್ಲಗೆ ಸುತ್ತಿಸಿ. ನೊರೆ ಎದ್ದರೆ ನಿಲ್ಲಿಸಿ, ಇಳಿದ ಮೇಲೆ ಮತ್ತೆ ಸುತ್ತಿಸಿ. ಅನಿಲ ಹೋದ ಮೇಲೆ, ಪುಡಿಯನ್ನು 5 ಮಿಲೀ ನೀರಿನಲ್ಲಿ ಕದಡಿ ಸಿರಿಂಜ್‌ನಿಂದ ಗೋಡೆಗುಂಟ ಬಿಡಿ. ಮೊದಲ ನಾಲ್ಕೈದು ದಿನ ಹೀಗೆ ದಿನಕ್ಕೆರಡು ಸಲ ಸುತ್ತಿಸುವುದು ಒಳ್ಳೆಯದು. ತಳದ ಯೀಸ್ಟ್ ಮೇಲೇಳುತ್ತದೆ, ಅನಿಲವೂ ಹೋಗುತ್ತದೆ.

ಸಣ್ಣ ಬಾಟಲಿಗೆ ಇನ್ನೊಂದು ಸ್ವಭಾವ ಇದೆ. ಕೋಣೆ ಬಿಸಿಯಾದರೆ ತಾನೂ ಬಿಸಿ, ತಣ್ಣಗಾದರೆ ತಾನೂ ತಣ್ಣಗೆ. 20 ಲೀಟರಿನಷ್ಟು ತಡೆಯುವ ಶಕ್ತಿ ಇಲ್ಲ. ನಾಲ್ಕನ್ನೂ ಒಂದೇ ಟಬ್‌ನಲ್ಲಿ, ಅರ್ಧ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ. ಏರಿಳಿತ ಕಡಿಮೆಯಾಗುತ್ತದೆ, ನಾಲ್ಕಕ್ಕೂ ಒಂದೇ ಹವೆ ಸಿಗುತ್ತದೆ. 18ರಿಂದ 20 ಡಿಗ್ರಿ ಇದ್ದರೆ ಚಿಂತೆಯಿಲ್ಲ.

ಕೆಲಸ ನಿಂತುಹೋದ ಹಾಗೆ ಕಂಡರೆ ಪಿಎಚ್ ನೋಡಿ. ಜೇನುನೀರಿನಲ್ಲಿ ಹುಳಿ ಏರದಂತೆ, ಅಂದರೆ ಪಿಎಚ್ ಇಳಿಯದಂತೆ, ತಡೆಯುವ ಅಂಶ ಕಡಿಮೆ. 3.2ಕ್ಕಿಂತ ಕೆಳಗಿಳಿದರೆ ಯೀಸ್ಟ್ ಸುಸ್ತಾಗುತ್ತದೆ. ಪೊಟ್ಯಾಸಿಯಂ ಬೈಕಾರ್ಬೊನೇಟ್ ಕಾಲು ಕಾಲು ಗ್ರಾಂ ಹಾಕುತ್ತಾ 3.5ರ ಆಸುಪಾಸಿಗೆ ತನ್ನಿ. ಇದೂ ಉಕ್ಕುತ್ತದೆ, ನೆನಪಿರಲಿ.

ಗಸಿ ಬಿಟ್ಟು ತಿಳಿ ಎಳೆಯುವುದು

ಎರಡು ವಾರ ತೂಕ ಬದಲಾಗದಿದ್ದರೆ ಹುದುಗುವುದು ಮುಗಿದಿದೆ. ಹಿಂದಿನ ದಿನ ಬಾಟಲಿಯನ್ನು ಫ್ರಿಜ್‌ನಲ್ಲಿ ಓರೆಯಾಗಿ, ಬುಡದ ಒಂದು ಪಕ್ಕಕ್ಕೆ ಏನಾದರೂ ಆನಿಸಿ ಇಡಿ. ಗಸಿಯೆಲ್ಲ ಒಂದು ಮೂಲೆಗೆ ಸೇರುತ್ತದೆ.

ಪೈಪನ್ನು ಬಾಯಲ್ಲಿ ಎಳೆಯಬೇಡಿ. ತುದಿಗೆ 50 ಮಿಲೀ ಸಿರಿಂಜ್ ಸಿಗಿಸಿ ಎಳೆದರೆ ಹರಿವು ಶುರುವಾಗುತ್ತದೆ. ಪೈಪಿನ ಇನ್ನೊಂದು ತುದಿ ವೈನ್ ಬಾಟಲಿಯ ತಳ ಮುಟ್ಟಿರಲಿ. ಮೇಲಿಂದ ಸುರಿದರೆ ಗಾಳಿ ಸೇರಿ, ಮೀಡ್ ಕಂದುಬಣ್ಣಕ್ಕೆ ತಿರುಗಿ ಒದ್ದೆ ರಟ್ಟಿನ ರುಚಿ ಬರುತ್ತದೆ.

ಲೆಕ್ಕ ನೋಡಿ. ಒಂದು ಲೀಟರಿನಲ್ಲಿ ಸುಮಾರು ನೂರು ಮಿಲೀ ಗಸಿಗೆ ಹೋಯಿತು. 750 ಮಿಲೀ ಬಾಟಲಿ ಕತ್ತಿನವರೆಗೆ ತುಂಬಿತು. ಉಳಿದ ನೂರು, ನೂರೈವತ್ತು ಮಿಲೀ ಹೈಡ್ರೋಮೀಟರ್ ಕೊಳವೆಗೆ ಸರಿಯಾಗುತ್ತದೆ. ಎಂಥಾ ಅನುಕೂಲ! ಅಂಕೆ ಓದಿ, ತೂಕದ ಲೆಕ್ಕಕ್ಕೆ ಹೋಲಿಸಿ, ಆಮೇಲೆ ಅದನ್ನೇ ರುಚಿ ನೋಡಿ. ಹೊಸ ಮೀಡ್ ಘಾಟಾಗಿರುತ್ತದೆ, ಬೇಸರ ಬೇಡ.

ಬಾಟಲಿ ಕತ್ತಿನವರೆಗೆ ತುಂಬದಿದ್ದರೆ ನೀರು ಬೆರೆಸಬೇಡಿ. ಸ್ಯಾನಿಟೈಸ್ ಮಾಡಿದ ಗಾಜಿನ ಗೋಲಿಗಳನ್ನು ಒಳಗೆ ಬಿಡಿ, ಮಟ್ಟ ಮೇಲೇರುತ್ತದೆ. ಏರ್‌ಲಾಕ್ ಹಾಕಿ ತಿಳಿಯಾಗಲು ಎರಡು ಮೂರು ತಿಂಗಳು ಬಿಡಿ.

ಹಣ್ಣು, ಮಸಾಲೆ, ಸಿಹಿ

ಹಣ್ಣು ಹಾಕುವುದಿದ್ದರೆ ಲೀಟರಿಗೆ 150ರಿಂದ 250 ಗ್ರಾಂ. ಒಮ್ಮೆ ಫ್ರೀಜ್ ಮಾಡಿ ಕರಗಿಸಿದರೆ ರಸ ಚೆನ್ನಾಗಿ ಬಿಡುತ್ತದೆ. ಅಗಲ ಬಾಯಿಯ ಜಾಡಿ ಬೇಕು, ಹಣ್ಣು ಮೇಲೆ ತೇಲಿ ಬಾಟಲಿ ಕತ್ತಿಗೆ ಕಟ್ಟಿಕೊಂಡರೆ ಒಳಗಿನ ಒತ್ತಡ ಏರ್‌ಲಾಕನ್ನೇ ಹಾರಿಸುತ್ತದೆ. ತೇಲುವ ಹಣ್ಣನ್ನು ದಿನಕ್ಕೊಮ್ಮೆ ಒಳಗೆ ಒತ್ತುತ್ತಿರಿ, ಮೇಲ್ಭಾಗ ಒಣಗಿದರೆ ಬೂಷ್ಟು ಹಿಡಿಯುತ್ತದೆ.

ಮಸಾಲೆಯನ್ನು ನಾನು ಬಾಟಲಿಗೆ ನೇರ ಹಾಕುವುದನ್ನು ಬಿಟ್ಟೇಬಿಟ್ಟೆ. ಒಂದು ಲೀಟರಿಗೆ ಒಂದು ಲವಂಗವೂ ದೊಡ್ಡದು. 50 ಮಿಲೀ ವೋಡ್ಕಾದಲ್ಲಿ ಮಸಾಲೆಯನ್ನು ಒಂದು ವಾರ ನೆನೆಸಿ ಸೋಸಿಟ್ಟುಕೊಳ್ಳಿ. ನಾಲ್ಕು ಲೋಟಕ್ಕೆ ಐವತ್ತೈವತ್ತು ಮಿಲೀ ಮೀಡ್ ಹಾಕಿ, 1 ಮಿಲೀ ಸಿರಿಂಜ್‌ನಿಂದ 0.1, 0.2, 0.4 ಮಿಲೀ ಬಿಡಿ. ಒಂದು ಲೋಟ ಸಾದಾ ಇರಲಿ. ಇಷ್ಟವಾದ ಲೋಟದ ಅಳತೆಯನ್ನು 15ರಿಂದ ಗುಣಿಸಿದರೆ 750 ಮಿಲೀಗೆ ಬೇಕಾದ ಪ್ರಮಾಣ ಸಿಕ್ಕಿತು. ಅದಕ್ಕಿಂತ ತುಸು ಕಡಿಮೆಯೇ ಹಾಕಿ. ಮತ್ತೆ ಸೇರಿಸಬಹುದು, ತೆಗೆಯಲಾಗುವುದಿಲ್ಲ.

ಸಿಹಿ ಬೇಕಾದರೆ ಮೊದಲು ಯೀಸ್ಟನ್ನು ತಡೆಯಬೇಕು. ಇಲ್ಲದಿದ್ದರೆ ಹೊಸ ಜೇನಿನಿಂದ ಮತ್ತೆ ಹುದುಗಿ ಮುಚ್ಚಿದ ಬಾಟಲಿ ಸಿಡಿಯುತ್ತದೆ. ಮೀಡ್ ಪೂರಾ ತಿಳಿಯಾಗಿ ಗಸಿ ಬೇರೆಯಾದ ಮೇಲೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಮತ್ತು ಪೊಟ್ಯಾಸಿಯಂ ಸಾರ್ಬೇಟ್ ಎರಡೂ ಹಾಕಿ. 750 ಮಿಲೀಗೆ ಮೆಟಾಬೈಸಲ್ಫೈಟ್ ಬೇಕಾದದ್ದು 0.07 ಗ್ರಾಂ ಮಾತ್ರ. ಅದನ್ನು ತೂಗುವ ಬದಲು 10 ಗ್ರಾಂ ಪುಡಿಗೆ ನೀರು ಸೇರಿಸಿ 100 ಮಿಲೀ ದ್ರಾವಣ ಮಾಡಿ, 0.7 ಮಿಲೀ ಸಿರಿಂಜ್‌ನಲ್ಲಿ ಎಳೆಯಿರಿ. ಪ್ರತಿ ಸಲ ಹೊಸದಾಗಿ ಮಾಡಿ, ಇಟ್ಟರೆ ಕಸುವು ಕಳೆದುಕೊಳ್ಳುತ್ತದೆ. ಆಸ್ತಮಾ ಇರುವವರು ಇದರ ಹತ್ತಿರ ಮೂಗು ತರಬಾರದು. ಸಾರ್ಬೇಟ್ 0.2 ಗ್ರಾಂ. ಇದು ಯೀಸ್ಟನ್ನು ಕೊಲ್ಲುವುದಿಲ್ಲ, ಮರಿ ಹಾಕದಂತೆ ತಡೆಯುತ್ತದೆ ಅಷ್ಟೇ. ಹುದುಗುತ್ತಿರುವ ಮೀಡಿಗೆ ಹಾಕಿ ನಿಲ್ಲಿಸುತ್ತೇನೆ ಅಂದರೆ ಆಗದು.

ಮರುದಿನ ಸಿಹಿ ಹದ ನೋಡಿ. 50 ಗ್ರಾಂ ಜೇನಿಗೆ ಮೀಡ್ ಸೇರಿಸಿ 100 ಮಿಲೀ ಪಾಕ ಮಾಡಿಕೊಂಡರೆ, 50 ಮಿಲೀ ಲೋಟಕ್ಕೆ ಹಾಕಿದ ಒಂದು ಮಿಲೀ ಪಾಕ ಲೀಟರಿಗೆ ಹತ್ತು ಗ್ರಾಂ ಜೇನಿಗೆ ಸಮ. ಒಂದು, ಎರಡು, ಮೂರು ಮಿಲೀ ಹಾಕಿ ನೋಡಿ. ಎರಡು ಹಿತ ಅನ್ನಿಸಿದರೆ 750 ಮಿಲೀಗೆ 15 ಗ್ರಾಂ ಜೇನು. ಸಿಹಿ ಹಾಕಿದ ಮೇಲೂ ಎರಡು ವಾರ ಏರ್‌ಲಾಕ್‌ನಲ್ಲೇ ಇಟ್ಟು, ತೂಕ ಅಲುಗದಿದ್ದರೆ ಮಾತ್ರ ಮುಚ್ಚಳ ಬಿಗಿಯಿರಿ.

ರುಚಿ ನೋಡುವ ದಿನ

ಆರು ತಿಂಗಳಾದ ಮೇಲೆ ಬಾಟಲಿ ತೆಗೆಯಿರಿ. ಯಾವುದರಲ್ಲಿ ಏನಿದೆ ಅಂತ ಗೊತ್ತಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ. ಹಾಗಾಗಿ ಇನ್ನೊಬ್ಬರ ಕೈಯಲ್ಲಿ ಸುರಿಸಿ. ಮೂರು ಲೋಟ: ಎರಡರಲ್ಲಿ ಸಾದಾ, ಒಂದರಲ್ಲಿ ಪ್ರಯೋಗದ್ದು, ಅಥವಾ ತಿರುಗಾಮುರುಗಾ. ಮೂರರಲ್ಲಿ ಬೇರೆ ಯಾವುದು ಅಂತ ಹೇಳಬೇಕು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ ಲೋಟಗಳ ಜಾಗ ಬದಲಿಸಿ ಐದಾರು ಸುತ್ತು ಮಾಡಿ, ಗುಟುಕು ಸಣ್ಣದಿರಲಿ. ಬೇರೆಯದನ್ನು ಹೆಚ್ಚಿನ ಸಲ ಗುರುತಿಸಿದರೆ ಮಾತ್ರ ‘ಯಾವುದು ಇಷ್ಟ’ ಅನ್ನುವ ಪ್ರಶ್ನೆ ಕೇಳಿ.

ಇಸಿ-1118 ಪರಿಮಳ ಓಡಿಸುತ್ತದೆ ಅಂತ ಮೇಲೆ ಬರೆದೆನಲ್ಲ, ಆ ಪ್ರಯೋಗದಲ್ಲಿ ಆರು ಸುತ್ತಿನಲ್ಲಿ ಐದು ಸಲ ಗುರುತಿಸಿದೆ. ಎರಡು ಜೇನುಗಳ ಬಗ್ಗೆ ನಾನು ವರ್ಷಗಟ್ಟಲೆ ಜಂಬ ಕೊಚ್ಚಿಕೊಂಡಿದ್ದ ವ್ಯತ್ಯಾಸ ಮಾತ್ರ ಆರರಲ್ಲಿ ಎರಡೇ ಸಲ ಸಿಕ್ಕಿತು. ಎರಡೂ ಅಂಕೆ ನೋಟ್‌ಬುಕ್‌ನಲ್ಲಿವೆ. ಆ ಬೆಲೆಬಾಳುವ ಜೇನನ್ನು ಈಗ ಮೀಡಿಗೆ ಹಾಕುವುದಿಲ್ಲ, ಚಮಚದಲ್ಲಿ ಹಾಗೇ ತಿನ್ನುತ್ತೇನೆ.